ಮೂರನೆಯ ಕೂಗಿನ ಮೌನ

ಬಯಲಿನ ಹರಾಜಿನಲ್ಲಿ ಕೂಗುವವನು ‘ಒಂದು ಸಾರಿ, ಎರಡು ಸಾರಿ’ ಎಂದು ಹೇಳಿ ತುಸು ತಡೆಯುತ್ತಾನೆ. ಯಾರಾದರೂ ಏರಿಸುವುದಿದ್ದರೆ ಏರಿಸಲಿ ಎಂದೇ ಆ ತಡೆ. ಮೂರನೆಯ ಕೂಗಿಗೂ ಯಾರೂ ಬಾಯಿ ಬಿಡದಿದ್ದರೆ ವಸ್ತು ಒಬ್ಬರ ಪಾಲಾಗುತ್ತದೆ. ಅಲ್ಲಿ ಸವಾಲನ್ನು ಮುಗಿಸುವುದು ಉಳಿದವರ ಮೌನ. ಸೋತವರೂ ಆ ಮೌನದಿಂದ ಫಲಿತಾಂಶಕ್ಕೆ ಒಪ್ಪಿಗೆ ಕೊಟ್ಟಿರುತ್ತಾರೆ. ಆನ್‌ಲೈನ್ ಹರಾಜು ನಿಗದಿತ ಸೆಕೆಂಡಿಗೆ ಬಾಗಿಲು ಹಾಕಿಕೊಂಡಾಗ ಈ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಹೆಚ್ಚು ಕೊಡಲು ಮನಸ್ಸು ಮಾಡಿದವನ ಮಾತು ದಾರಿಯಲ್ಲಿ ತಡವಾಯಿತೆಂದು ಅವನು ಸೋತರೆ, ಅದು ನ್ಯಾಯವೆ? ಅಲ್ಲವೆಂದೇ ನಾನು ವಾದಿಸುತ್ತೇನೆ.

ಈ ತಡ ಆಲಸ್ಯದಿಂದ ಬಂದದ್ದಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡಿದರೂ ಮೊಬೈಲ್ ಟವರ್, ಸರ್ವರ್‌ಗಳ ಸಾಲಿನಲ್ಲಿ ಸವಾಲು ಕಾಯಬೇಕು. ಪರದೆಯಲ್ಲಿ ಎರಡು ಸೆಕೆಂಡು ಕಂಡವನಿಗೆ ನಿಜಕ್ಕೂ ಅಷ್ಟು ಉಳಿದಿರುವುದಿಲ್ಲ. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುತ್ತದೆ. ಇಬೇಯಲ್ಲಿ ಸಮಯ ಖಚಿತ; ಅಮೆಜಾನಿನ ಅಂದಿನ ಹರಾಜುಗಳಲ್ಲಿ ಕೊನೆಗೆ ಬಂದ ಸವಾಲು ಅವಧಿಯನ್ನು ಹತ್ತು ನಿಮಿಷ ಮುಂದೂಡುತ್ತಿತ್ತು. ಕೊನೆಗಳಿಗೆಯ ನುಗ್ಗಾಟ ಇಬೇಯಲ್ಲೇ ಹೆಚ್ಚು. ಅಲ್ಲಿ ಪಳಗಿದವರು ತಡಮಾಡಲು ಕಲಿತಿದ್ದರು, ಅಮೆಜಾನಿನಲ್ಲಿ ಪಳಗಿದವರು ಬೇಗ ಕೂಗಲು ಕಲಿತಿದ್ದರು. ಮನುಷ್ಯರ ಸ್ವಭಾವ ಒಂದೇ. ನಿಯಮ ಅವರಿಗೆ ಬೇರೆ ಬೇರೆ ನಡತೆ ಕಲಿಸಿತು. ಹಾಗಾಗಿ ಹೊಂಚು ಹಾಕುವವನನ್ನು ಬಯ್ಯುವುದಕ್ಕಿಂತ ನಿಯಮ ಬರೆದವರನ್ನು ಕೇಳುವುದೇ ಸರಿ.

ನಿಯಮ ಎಲ್ಲರಿಗೂ ಮೊದಲೇ ತಿಳಿದಿತ್ತಲ್ಲ, ತನ್ನ ಗರಿಷ್ಠ ಬೆಲೆಯನ್ನು ಮುಂಚೆಯೇ ನಮೂದಿಸಿ ನಿಶ್ಚಿಂತನಾಗಿರಬಹುದಲ್ಲ ಎಂಬ ಆಕ್ಷೇಪಣೆ ಗಟ್ಟಿಯಾದದ್ದೇ. ಬೆಲೆ ಗೊತ್ತಿರುವ ವಸ್ತುವಿಗೆ ಅದು ಒಳ್ಳೆಯ ದಾರಿ. ಆದರೆ ಹಳೆಯ ಕಂಚಿನ ದೀಪದ ಬೆಲೆ ಒಬ್ಬನ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿರುವುದಿಲ್ಲ. ಬಲ್ಲವರು ಕೂಗುವುದನ್ನು ಕೇಳುತ್ತ ಅದು ರೂಪುಗೊಳ್ಳುತ್ತದೆ. ಅದೇ ಅಧ್ಯಯನದಲ್ಲಿ ಕಂಪ್ಯೂಟರಿಗಿಂತ ಪುರಾತನ ವಸ್ತುಗಳಿಗೆ ತಡವಾದ ಸವಾಲು ಹೆಚ್ಚು ಬಂದದ್ದು ಅರ್ಥಪೂರ್ಣ. ಇತರರನ್ನು ಕೇಳಿ ತನ್ನ ಮನಸ್ಸನ್ನು ಅರಿಯುವ ಅವಕಾಶವನ್ನೇ ಕೊನೆಯ ಸೆಕೆಂಡು ಕಸಿಯುತ್ತದೆ.

ಸಮಯ ಬೆಳೆಸುತ್ತ ಹೋದರೆ ಹರಾಜಿಗೆ ಕೊನೆಯೇ ಇರದು ಎನ್ನುವವರು ನಮ್ಮ ಬ್ಯಾಂಕುಗಳು ಸಾಲ ವಸೂಲಿಗಾಗಿ ಆಸ್ತಿ ಮಾರುವ ಇ-ಹರಾಜಿನ ಪ್ರಕಟಣೆಗಳನ್ನು ಓದಲಿ. ಕೊನೆಯ ನಿಮಿಷಗಳಲ್ಲಿ ಸವಾಲು ಬಂದರೆ ಐದೋ ಹತ್ತೋ ನಿಮಿಷ ತಾನಾಗಿ ಸೇರುವ ಷರತ್ತು ಅವುಗಳಲ್ಲಿ ಸಾಮಾನ್ಯ. ಏರಿಸುವವರು ಇಲ್ಲವಾದಾಗ ಆ ಹರಾಜುಗಳೂ ಮುಗಿಯುತ್ತವೆ.