ಅಂತ್ಯಕ್ಷಣದಲ್ಲಿ ಬಂಧುಗಳ ಸಾನ್ನಿಧ್ಯ

ರೋಗಿಯ ಹೃದಯವು ಸ್ತಬ್ಧವಾದೊಡನೆ ಆಸ್ಪತ್ರೆಯಲ್ಲಿ ಮೊದಲು ನಡೆಯುವ ಕಾರ್ಯಗಳಲ್ಲಿ ಒಂದು, ಹಾಸಿಗೆಯ ಬಳಿಯಿದ್ದ ಹೆಂಡತಿಯನ್ನೋ ಮಗನನ್ನೋ ಹೊರಕ್ಕೆ ಕಳುಹಿಸುವುದು. ವೈದ್ಯನು ಎದೆಯನ್ನು ಒತ್ತಲಾರಂಭಿಸುವನು. ದಾದಿಯರಲ್ಲಿ ಒಬ್ಬಳು ಔಷಧವನ್ನು ಸಿದ್ಧಗೊಳಿಸುವಳು. ಮತ್ತೊಬ್ಬಳು ಬಂಧುವಿನ ತೋಳನ್ನು ಹಿಡಿದು ಬಾಗಿಲಿನಾಚೆಗೆ ಕರೆದೊಯ್ಯುವಳು. ಬಾಗಿಲು ಮುಚ್ಚುವುದು. ಅದು ಮತ್ತೆ ತೆರೆಯುವ ವೇಳೆಗೆ ಬಹುಮಟ್ಟಿಗೆ ಎಲ್ಲವೂ ಮುಗಿದಿರುವುದು. ಹೀಗೆ ಕಳುಹಿಸುವುದು ಕರುಣೆಯೋ, ಅನುಕೂಲವೋ, ಅಥವಾ ಕೇವಲ ರೂಢಿಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ರೂಢಿಯು ಪುರಾತನವಾದುದಲ್ಲ. ಮನುಷ್ಯನು ತನ್ನ ಮನೆಯಲ್ಲಿ ತನ್ನವರ ನಡುವೆ ಪ್ರಾಣಬಿಡುವುದೇ ಎಲ್ಲ ದೇಶಗಳಲ್ಲಿಯೂ ಬಹುಕಾಲದ ಪದ್ಧತಿಯಾಗಿದ್ದಿತು. ಕೊನೆಗಾಲದಲ್ಲಿ ಬಾಯಿಗೆ ನೀರು ಬಿಡುವವರಿಲ್ಲದಿರುವುದನ್ನು ಕನ್ನಡನಾಡಿನ ಮನೆಗಳಲ್ಲಿ ಮಹಾದೈನ್ಯವೆಂದೇ ಎಣಿಸುವರು. ೧೯೬೦ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ಸೀಳದೆ ಹೊರಗಿನಿಂದಲೇ ಒತ್ತಿ ರಕ್ತಸಂಚಾರವನ್ನು ನಡೆಯಿಸಬಹುದೆಂದು ಪ್ರಕಟಿಸಿದರು. ಅಲ್ಲಿಂದ ಮುಂದೆ ಮರಣಶಯ್ಯೆಯು ಸಮರಭೂಮಿಯಾಯಿತು. ಸಮರದಲ್ಲಿ ನಿಂತು ನೋಡುವವರಿಗೆ ಎಡೆಯಿಲ್ಲವೆಂಬ ಭಾವನೆಯು ತಾನಾಗಿಯೇ ಬೆಳೆಯಿತು.

೧೯೮೨ರಲ್ಲಿ ಮಿಚಿಗನ್ ಪ್ರಾಂತದ ಜಾಕ್ಸನ್ ಊರಿನ ಫೂಟ್ ಆಸ್ಪತ್ರೆಯಲ್ಲಿ ಈ ಭಾವನೆಗೆ ಮೊದಲ ಪೆಟ್ಟು ಬಿದ್ದಿತು. ರೋಗಿಯೊಡನೆ ವಾಹನದಲ್ಲಿ ಬಂದ ಬಂಧುವೊಬ್ಬರು ಪಕ್ಕವನ್ನು ಬಿಟ್ಟು ಕದಲಲೊಲ್ಲದಾದರು. ಮತ್ತೊಂದು ಸಂದರ್ಭದಲ್ಲಿ, ಗುಂಡೇಟು ತಿಂದ ಪೋಲೀಸಿನವನೊಬ್ಬನ ಹೆಂಡತಿ ಗಂಡನ ಬಳಿ ಇರಗೊಡಬೇಕೆಂದು ಅಂಗಲಾಚಿದಳು. ಆಸ್ಪತ್ರೆಯವರು ಮಣಿದರು, ಅನಂತರ ಅದನ್ನೇ ಒಂದು ಕ್ರಮವಾಗಿ ಏರ್ಪಡಿಸಿದರು. ೧೯೮೭ರಲ್ಲಿ ಪ್ರಕಟವಾದ ಅವರ ವರದಿಯಂತೆ, ಉತ್ತರವಿತ್ತ ೪೭ ಮಂದಿ ಬಂಧುಗಳಲ್ಲಿ ೪೪ ಮಂದಿ ಅಂತಹ ಸಂದರ್ಭವು ಮತ್ತೆ ಬಂದರೆ ಒಳಗೇ ಇರುವೆವೆಂದು ಹೇಳಿದರು. ೧೯೯೩ರಲ್ಲಿ ಅಮೆರಿಕದ ತುರ್ತುಚಿಕಿತ್ಸಾ ದಾದಿಯರ ಸಂಘವು ಬಂಧುಗಳಿಗೆ ಈ ಅವಕಾಶವಿರಬೇಕೆಂದು ನಿರ್ಣಯಿಸಿತು.

ಇದಕ್ಕೆ ಎದುರಾಗಿ ಹೇಳುವ ಮಾತುಗಳು ಹಗುರವಾದುವಲ್ಲ. ನಿಮಿಷಕ್ಕೆ ನೂರಕ್ಕೆ ಕಡಮೆಯಿಲ್ಲದಂತೆ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಎದೆಯನ್ನು ಒತ್ತುವಾಗ ಪಕ್ಕೆಲುಬುಗಳು ಮುರಿಯುವುದುಂಟು. ಗಂಟಲಿಗೆ ಕೊಳವೆಯನ್ನು ಇಳಿಸುವರು. ವಿದ್ಯುತ್ತಿನ ಆಘಾತದಿಂದ ದೇಹವು ಅದಿರುವುದು. ಈ ದೃಶ್ಯವು ಮಗಳ ಕಣ್ಣಿನಲ್ಲಿ ಆಜೀವವೂ ಉಳಿಯದೆ? ದುಃಖಾವೇಶದಿಂದ ಬಂಧುವು ಅಡ್ಡಬಂದರೆ ರೋಗಿಗೇ ಕೇಡಲ್ಲವೆ? ವೈದ್ಯನ ಕೈ ನಡುಗದೆ?

ಈ ಸಂದೇಹಗಳನ್ನು ಫ್ರಾನ್ಸಿನ ವೈದ್ಯರು ಪರೀಕ್ಷೆಗೆ ಒಡ್ಡಿದರು. ೧೫ ತುರ್ತುಚಿಕಿತ್ಸಾ ತಂಡಗಳು ೫೭೦ ಮಂದಿ ಬಂಧುಗಳನ್ನು ಕುರಿತು ನಡೆಯಿಸಿದ ಈ ಪರೀಕ್ಷೆಯ ಫಲವು ೨೦೧೩ರಲ್ಲಿ ಪ್ರಕಟವಾಯಿತು. ಕೆಲವು ತಂಡಗಳು ಬಂಧುವನ್ನು ತಾವಾಗಿಯೇ ಕೇಳಿ ಅವಕಾಶವಿತ್ತುವು. ಉಳಿದುವು ಎಂದಿನ ರೂಢಿಯಂತೆ ನಡೆದುವು. ತೊಂಬತ್ತು ದಿನಗಳ ತರುವಾಯ ವಿಚಾರಿಸಲಾಗಿ, ಮನಸ್ಸಿನ ಗಾಯದ ಲಕ್ಷಣಗಳು ನೋಡಿದವರಿಗಿಂತ ನೋಡದವರಲ್ಲಿಯೇ ಹೆಚ್ಚಾಗಿ ಕಂಡುಬಂದುವು. ಚಿಕಿತ್ಸೆಗೆ ಭಂಗ ಬರಲಿಲ್ಲ. ವೈದ್ಯರ ಕ್ಲೇಶವು ಹೆಚ್ಚಲಿಲ್ಲ. ಆದರೆ ಇದು ನಡೆದುದು ರೋಗಿಗಳ ಮನೆಗಳಲ್ಲಿಯೇ ಹೊರತು ಆಸ್ಪತ್ರೆಯ ಕೊಠಡಿಯಲ್ಲಲ್ಲವೆಂಬುದನ್ನು ಮರೆಯಲಾಗದು. ತನ್ನ ಮನೆಯಲ್ಲಿ ನಿಲ್ಲುವವನಿಗೂ ಅನ್ಯಸ್ಥಳದಲ್ಲಿ ನಿಲ್ಲುವವನಿಗೂ ಅಂತರವುಂಟು. ಆದರೂ ನೋಡುವುದರಿಂದಲೇ ಕೇಡೆಂಬ ಸಾಮಾನ್ಯ ನಂಬಿಕೆಯು ಇದರಿಂದ ಸಡಿಲವಾಯಿತು. ಕಣ್ಣು ಕಂಡುದಕ್ಕೆ ಒಂದು ಮಿತಿಯಿರುವುದು. ಮುಚ್ಚಿದ ಬಾಗಿಲಿನ ಹಿಂದೆ ಮನಸ್ಸು ಕಲ್ಪಿಸುವುದಕ್ಕೆ ಮಿತಿಯಿಲ್ಲ.

ಇನ್ನೊಂದು ಆಕ್ಷೇಪವು ಪರೀಕ್ಷೆಗಳಿಂದ ಬಗೆಹರಿಯುವಂಥದಲ್ಲ. ಆ ಘಳಿಗೆಯಲ್ಲಿ ಬಾಯಿಲ್ಲದವನು ರೋಗಿಯೊಬ್ಬನೇ. ಬೆತ್ತಲೆಯಾದ ಎದೆಯೊಡನೆ, ನಿಶ್ಚೇಷ್ಟನಾಗಿ ಮಲಗಿರುವ ತನ್ನನ್ನು ಮಗನು ನೋಡಲೆಂದು ಅವನು ಬಯಸುತ್ತಿದ್ದನೋ ಇಲ್ಲವೋ ಯಾರು ಬಲ್ಲರು? ಬಂಧುಗಳ ಸಮಾಧಾನಕ್ಕಾಗಿ ಅವನ ಮಾನವನ್ನು ವೆಚ್ಚಮಾಡುವುದು ನ್ಯಾಯವಲ್ಲ. ಆದರೆ ಅವನು ಅವರನ್ನು ಹೊರಗಿಡೆಂದೂ ಹೇಳಿಲ್ಲವಷ್ಟೆ. ಅಪರಿಚಿತರಾದ ಹತ್ತು ಜನರ ಎದುರಿಗೆ ಬಿದ್ದಿರುವ ಆ ದೇಹವನ್ನು ಬಾಲ್ಯದಿಂದ ತೊಳೆದು ಉಡಿಸಿದ ತಾಯಿಯ ಕಣ್ಣಿನಿಂದ ಮರೆಮಾಡುವುದರಲ್ಲಿ ಯಾವ ಮಾನವು ಉಳಿಯುವುದು? ರೋಗಿಯು ಸ್ವಸ್ಥನಾಗಿದ್ದಾಗಲೇ ತನ್ನ ಇಚ್ಛೆಯನ್ನು ತನ್ನವರಿಗೆ ತಿಳಿಸಿದ್ದರೆ ಅದೇ ಪ್ರಮಾಣ. ಹಾಗಿಲ್ಲದಲ್ಲಿ, ಜೀವಿತದಲ್ಲಿ ಅವನ ಸಮೀಪದಲ್ಲಿದ್ದವರು ಕೊನೆಯಲ್ಲಿಯೂ ಸಮೀಪದಲ್ಲಿರಬಹುದೆಂದು ಭಾವಿಸುವುದೇ ಹೆಚ್ಚು ಸಹಜವಾದುದು.

ಈ ಧರ್ಮಸಂಕಟದ ಭಾರವು ಹೆಚ್ಚಾಗಿ ದಾದಿಯ ಮೇಲೆ ಬೀಳುವುದು. ಬಾಗಿಲನ್ನು ಮುಚ್ಚುವ ಕೈಯೂ ತೆರೆಯುವ ಕೈಯೂ ಅವಳದೇ. ತೆರೆದರೆ ಸಾಲದು; ಚಿಕಿತ್ಸೆಯಲ್ಲಿ ತೊಡಗದೆ ಬಂಧುವಿನ ಪಕ್ಕದಲ್ಲಿಯೇ ನಿಂತು, ಈಗ ನಡೆಯುತ್ತಿರುವುದೇನು, ಮುಂದೆ ಏನೆಂಬುದನ್ನು ಮೆಲ್ಲನೆ ತಿಳಿಸಿ, ಕುಸಿಯುವಂತಾದರೆ ಹೊರಗೆ ಕರೆದೊಯ್ಯುವವಳೊಬ್ಬಳು ಇರಲೇಬೇಕು. ಹಾಗೆ ಇರಿಸಲು ಜನವಿಲ್ಲದ ಆಸ್ಪತ್ರೆಯಲ್ಲಿ ಬಾಗಿಲನ್ನು ಬರಿದೆ ತೆರೆಯುವುದು ಔದಾರ್ಯವಲ್ಲ, ಉಪೇಕ್ಷೆ. ಒಳಗಿರಲು ಒಲ್ಲೆನೆಂದವರನ್ನು ಬಲವಂತಪಡಿಸುವುದೂ ಕ್ರೌರ್ಯವೇ. ಹೊರಗೆ ಉಳಿದವನ ಪ್ರೀತಿಯು ಒಳಗೆ ನಿಂತವನ ಪ್ರೀತಿಗಿಂತ ಕಡಮೆಯಾದುದಲ್ಲ.

ಆದುದರಿಂದ ಧರ್ಮವು ಬಾಗಿಲನ್ನು ಮುಚ್ಚುವುದರಲ್ಲಿಯೂ ಇಲ್ಲ, ತೆರೆಯುವುದರಲ್ಲಿಯೂ ಇಲ್ಲ, ಕೇಳುವುದರಲ್ಲಿದೆ. “ಒಳಗೆ ಇರುವಿರಾ, ಅಮ್ಮಾ? ನಾನು ನಿಮ್ಮ ಜೊತೆಯಲ್ಲಿಯೇ ಇರುತ್ತೇನೆ” ಎಂಬ ಮಾತಿಗೆ ಕ್ಷಣಮಾತ್ರವೂ ಹಿಡಿಯದು. ಅನೇಕ ಸಂದರ್ಭಗಳಲ್ಲಿ ವೈದ್ಯಶಾಸ್ತ್ರವು ಪ್ರಾಣವನ್ನು ಹಿಂದಕ್ಕೆ ತರಲಾರದು. ಆದರೆ ಪ್ರಾಣವು ಹೋಗುವಾಗ ಯಾರ ಕೈ ಯಾರ ಕೈಯಲ್ಲಿರಬೇಕೆಂಬುದನ್ನು ಅವರವರಿಗೇ ಬಿಟ್ಟುಕೊಡುವುದು ಎಲ್ಲ ಆಸ್ಪತ್ರೆಗಳಿಗೂ ಸಾಧ್ಯವಾಗಬೇಕಾದ ಕಾರ್ಯ.