ಅರ್ಥವಾಗದವಳಂತೆ

ಬೆಳುವಾಯಿಯಿಂದ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನ ಮಾತು ಕೇಳುತ್ತ ಕೂರುವುದು ನನಗೊಂದು ಚಟ. ನನ್ನೊಡನೆ ತುಳು, ಇಗರ್ಜಿಗೆ ಹೊರಟ ಬಾಯಮ್ಮನೊಡನೆ ಕೊಂಕಣಿ, ಹಿಂದಿನ ಸೀಟಿನವರೊಡನೆ ಬ್ಯಾರಿ, ಘಟ್ಟದ ಮೇಲಿನವರು ಹತ್ತಿದರೆ ಕನ್ನಡ. ಟಿಕೆಟ್ ಹರಿಯುವಷ್ಟರಲ್ಲಿ ನಾಲಿಗೆ ಹೊರಳಿರುತ್ತದೆ. ನಾವಾದರೂ ಅಷ್ಟೆ. ಜಗಳ ತುಳುವಿನಲ್ಲಿ, ಮದುವೆಯ ಕಾಗದ ಕನ್ನಡದಲ್ಲಿ, ಮಗನ ಮಾರ್ಕಿನ ಹೆಮ್ಮೆ ಮಾತ್ರ ಇಂಗ್ಲಿಷಿನಲ್ಲಿ!

ಇಷ್ಟು ಸಲೀಸಾಗಿ ಭಾಷೆ ಬದಲಿಸುವ ನಾನು ಒಬ್ಬ ಹುಡುಗನಿಗೆ ಅದನ್ನು ನಿರಾಕರಿಸಿದ್ದೆ. ಕೆಲಸಕ್ಕೆ ಸೇರಿದ ಹೊಸತು. ತರಗತಿಯಲ್ಲಿ ತುಳು ಆಡಿದರೆ ನಾಲ್ಕಾಣೆ ದಂಡ. ಮನೆಲೆಕ್ಕ ಮಾಡದೆ ಬಂದವನನ್ನು ಏಕೆಂದು ಕೇಳಿದೆ. "ಅಪ್ಪೆಗ್ ಉಷಾರ್ ಇಜ್ಜಿ ಟೀಚರ್" ಎಂದ. "ಕನ್ನಡದಲ್ಲಿ ಹೇಳು" ಎಂದೆ. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಕನ್ನಡದಲ್ಲಿ ಎಲ್ಲ ತಿರುಗುಮುರುಗು. "ಅಪ್ಪನಿಗೆ... ಅಲ್ಲ, ಅಮ್ಮ..." ಎಂದು ತಡವರಿಸಿದ. ತರಗತಿ ನಕ್ಕಿತು. ಅವನು ಬಾಯಿ ಮುಚ್ಚಿದ. ಗಂಟೆ ಬಾರಿಸುವವರೆಗೂ ನಿಲ್ಲಿಸಿದೆ. ತಾಯಿ ಜ್ವರದಲ್ಲಿ ಮಲಗಿದ್ದಳೆಂದೂ, ಅವಳು ಕಟ್ಟಿದ್ದ ಬೀಡಿಯನ್ನು ಇವನೇ ಬ್ರಾಂಚಿಗೆ ಕೊಟ್ಟು ಬಂದಿದ್ದನೆಂದೂ ಸಂಜೆ ತಿಳಿಯಿತು.

ನನ್ನ ಮನೆಮಾತೂ ತುಳುವೇ. ಅವನ ಮೊದಲ ವಾಕ್ಯವೇ ನನಗೆ ಪೂರ್ತಿ ಅರ್ಥವಾಗಿತ್ತು. ಅರ್ಥವಾಗಿಯೂ ಅರ್ಥವಾಗದವಳಂತೆ ನಿಲ್ಲುವುದು ಸುಳ್ಳಲ್ಲವೆ? ಬಾಯಿಬಿಟ್ಟು ಆಡಿದರೆ ಮಾತ್ರ ಸುಳ್ಳೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ.

ಫ್ರೆಂಚರ ಆಳ್ವಿಕೆಯಲ್ಲಿ ಪಶ್ಚಿಮ ಆಫ್ರಿಕದ ಶಾಲೆಗಳಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಒಂದು ಗುರುತು ತೂಗಹಾಕುತ್ತಿದ್ದರಂತೆ. ಇನ್ನೊಂದು ಮಗು ಸಿಕ್ಕಿಬೀಳುವವರೆಗೆ ಅದು ಇಳಿಯದು. 1960ರಲ್ಲಿ ಸ್ವತಂತ್ರವಾದ ಸೆನೆಗಲ್‌ನ ಡಕಾರ್ ಪೇಟೆಯಲ್ಲಿ ಈಗಲೂ ಜನ ಒಂದೇ ವಾಕ್ಯದಲ್ಲಿ ವೊಲೊಫ್, ಫ್ರೆಂಚ್ ಎರಡನ್ನೂ ಬೆರೆಸುತ್ತಾರೆ. ಅಲ್ಲಿ ಪರದೇಶಿಯರು ಮಾಡಿದ್ದನ್ನು ಇಲ್ಲಿ ನಾನು, ತುಳುವತಿಯೇ, ಮಾಡಿದ್ದೆ.

ಹಾಗೆಂದು ತರಗತಿಯನ್ನೆಲ್ಲ ತುಳುವಿಗೆ ಬಿಟ್ಟುಬಿಡಲೂ ಮನಸ್ಸೊಪ್ಪದು. ಕಲ್ಲುಕೋರೆಯ ಕೆಲಸಕ್ಕೆ ಬಂದ ಬಾಗಲಕೋಟೆಯವರ ಹುಡುಗಿಯೊಬ್ಬಳು ನನ್ನಲ್ಲಿದ್ದಳು. ಉಳಿದವರು ತುಳುವಿನಲ್ಲಿ ನಗುವಾಗ, ತನ್ನನ್ನೇ ನಗುತ್ತಿದ್ದಾರೇನೋ ಎಂದು ಲಂಗ ಸರಿಮಾಡಿಕೊಳ್ಳುತ್ತಿದ್ದಳು. ತುಳುವಿನಲ್ಲಿ 'ನಾವು' ಎನ್ನಲು ಎರಡು ಮಾತಿವೆ: ಕೇಳುವವರನ್ನೂ ಸೇರಿಸಿದರೆ 'ನಮ', ಅವರನ್ನು ಬಿಟ್ಟರೆ 'ಎಂಕುಲು'. ಕನ್ನಡದ 'ನಾವು' ಇದನ್ನು ಮುಚ್ಚಿಡುತ್ತದೆ. ಆ ಹುಡುಗಿಯ ಎದುರು ತುಳುವಿನಲ್ಲಿ 'ನಮ' ಎಂದರೂ ಅದು 'ಎಂಕುಲು'ವೇ ಆಗುತ್ತಿತ್ತು. ಅವಳಿಗಾಗಿ ಕನ್ನಡ ಬೇಕಿತ್ತು. ಅವನಿಗೆ ಆ ಒಂದು ವಾಕ್ಯದಷ್ಟು ತುಳು ಬೇಕಿತ್ತು. ಎರಡನ್ನೂ ಕೊಡಲು ನನಗೇನೂ ಖರ್ಚಿರಲಿಲ್ಲ.

2010ರ ನಂತರ ತುಳುವೇ ಕೆಲವು ಶಾಲೆಗಳಲ್ಲಿ ಪಾಠವಾಯಿತು. ಆ ಹುಡುಗ ಅಷ್ಟರಲ್ಲಿ ರಿಕ್ಷಾ ಕೊಂಡಿದ್ದ. ಸ್ಟ್ಯಾಂಡಿನಲ್ಲಿ ಎಲ್ಲರೊಡನೆ ತುಳುವಿನಲ್ಲೇ ಗಲಾಟೆ. ನನ್ನನ್ನು ಕಂಡರೆ "ಎಲ್ಲಿಗೆ ಹೋಗಬೇಕು ಟೀಚರ್?" ಎಂದು ಅಚ್ಚ ಕನ್ನಡ. ಕಳೆದ ವಾರ ಬೇಕೆಂದೇ ಕೇಳಿದೆ: "ಅಪ್ಪೆ ಎಂಚ ಉಲ್ಲೆರ್?"

"ಚೆನ್ನಾಗಿದ್ದಾರೆ ಟೀಚರ್" ಎಂದು ಗಾಡಿ ಸ್ಟಾರ್ಟ್ ಮಾಡಿದ.