ಹುಡುಕುವ ಖರ್ಚು

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಆಡಳಿತ. ಅಂಗವೈಕಲ್ಯವಿರುವ ಮಕ್ಕಳಿಗೆ ವಿಶೇಷ ಶಿಕ್ಷಣ ಕೊಡಲೇಬೇಕೆಂದು ಅಲ್ಲಿ ಕೇಂದ್ರದ ಕಾನೂನಿದೆ. ವಿಶೇಷ ಪ್ರತಿಭೆಯಿದೆಯೆಂದು ಗುರುತಿಸಿದ ‘ಗಿಫ್ಟೆಡ್’ ಮಕ್ಕಳಿಗೆ ಬೇರೆ ತರಗತಿ ಕೊಡುವ ವಿಷಯದಲ್ಲಿ ಅಂಥ ಕಟ್ಟಳೆಯಿಲ್ಲ. ಹಣ ಸಾಲದಾದಾಗ ಕತ್ತರಿ ಈ ಕಡೆ ತಿರುಗುವುದು ಸಹಜವೇ. ಆದರೆ ತರಗತಿ, ಶಿಕ್ಷಕರು, ಪರೀಕ್ಷೆ ಇವುಗಳಲ್ಲಿ ಯಾವುದಕ್ಕೆ ಕತ್ತರಿ ಬೀಳುತ್ತದೆ ಎಂಬುದನ್ನು ನೋಡಿದರೆ ಆ ಸಮಾಜ ಪ್ರತಿಭೆಯನ್ನು ಏನೆಂದು ತಿಳಿದಿದೆ ಎಂಬುದೂ ಗೊತ್ತಾಗುತ್ತದೆ.

ಫ್ಲಾರಿಡಾದ ಬ್ರೊವಾರ್ಡ್ ಕೌಂಟಿಯನ್ನೇ ತೆಗೆದುಕೊಳ್ಳಿ. 2005ಕ್ಕೆ ಮುಂಚೆ ಅಲ್ಲಿ ಶಿಕ್ಷಕರೋ ತಂದೆತಾಯಿಯೋ ಹೆಸರು ಸೂಚಿಸಿದ ಮಗುವಿಗಷ್ಟೇ ಐಕ್ಯೂ ಪರೀಕ್ಷೆ. ದುಡ್ಡಿದ್ದವರು ಖಾಸಗಿ ಮನಶ್ಶಾಸ್ತ್ರಜ್ಞರಿಂದಲೂ ಪರೀಕ್ಷೆ ಮಾಡಿಸಿ ಅಂಕ ತರಬಹುದಿತ್ತು. ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಾದರೂ, ಗಿಫ್ಟೆಡ್ ಎನಿಸಿಕೊಂಡವರಲ್ಲಿ ಅವರ ಪಾಲು ಮೂರನೆಯ ಒಂದಂಶವೂ ಇರಲಿಲ್ಲ. 2005ರಲ್ಲಿ ಎರಡನೆಯ ತರಗತಿಯ ಮಕ್ಕಳೆಲ್ಲರಿಗೂ ಮಾತಿನ ಹಂಗಿಲ್ಲದ, ಬರೀ ಆಕೃತಿಗಳ ಒಂದು ಪರೀಕ್ಷೆ ಕೊಟ್ಟು, ಅದರಲ್ಲಿ ಮುಂದೆ ಬಂದವರನ್ನು ಐಕ್ಯೂ ಪರೀಕ್ಷೆಗೆ ಕಳಿಸತೊಡಗಿದರು. ಗುರುತಾದ ಬಡ ಮಕ್ಕಳ ಸಂಖ್ಯೆ ಇಮ್ಮಡಿಗೂ ಮಿಕ್ಕಿತು. ಗಮನಿಸಿ: ಮಾನದಂಡವನ್ನು ಒಂದಿಷ್ಟೂ ಸಡಿಲಿಸಿರಲಿಲ್ಲ. ಆ ಮಕ್ಕಳು ಮೊದಲೂ ಅಲ್ಲೇ ಇದ್ದರು, ಯಾರೂ ನೋಡಿರಲಿಲ್ಲ ಅಷ್ಟೆ.

ಆಮೇಲೆ ಆರ್ಥಿಕ ಕುಸಿತ ಬಂತು. ಎಲ್ಲರಿಗೂ ಕೊಡುತ್ತಿದ್ದ ಪರೀಕ್ಷೆ ನಿಂತಿತು, ಗಿಫ್ಟೆಡ್ ತರಗತಿಗಳು ಉಳಿದವು, ಹಳೆಯ ಅಂತರ ಮರಳಿತು. ಇದನ್ನು ಅಧ್ಯಯನ ಮಾಡಿದವರು ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು. ನನಗೆ ಇದರಲ್ಲಿ ಯಾರ ದುರುದ್ದೇಶವೂ ಕಾಣುವುದಿಲ್ಲ. ತರಗತಿ ಮುಚ್ಚಿದರೆ ಅದರಲ್ಲಿರುವ ಮಕ್ಕಳ ತಂದೆತಾಯಿ ಮರುದಿನವೇ ಸ್ಕೂಲ್ ಬೋರ್ಡಿನ ಸಭೆಯಲ್ಲಿ ಎದ್ದು ನಿಲ್ಲುತ್ತಾರೆ. ಹುಡುಕಾಟ ನಿಂತರೆ ಯಾರು ಬರಬೇಕು? ಏನನ್ನು ಕಳೆದುಕೊಂಡೆವೆಂದು ಗುರುತಾಗದ ಮಕ್ಕಳ ಮನೆಯವರಿಗೇ ಗೊತ್ತಿರುವುದಿಲ್ಲ. ತೀರಾ ಹಗುರಾಗಿ ಕತ್ತರಿಸಬಹುದಾದ ಖರ್ಚೇ ತೀರಾ ಅನ್ಯಾಯದ ಉಳಿತಾಯವೂ ಆಗುವುದು ಹೀಗೆ.

‘ನಿಜವಾದ ಪ್ರತಿಭೆ ಹೇಗಾದರೂ ಮೇಲೆ ಬಂದೇ ಬರುತ್ತದೆ’ ಎನ್ನುವವರಿದ್ದಾರೆ. ಬಂದವರನ್ನಷ್ಟೇ ಎಣಿಸಿದರೆ ಈ ಮಾತು ಯಾವಾಗಲೂ ಸತ್ಯವೇ! ಇನ್ನು ಪರೀಕ್ಷೆಯೇ ದೈವವಾಣಿಯಲ್ಲ ಎಂಬುದೂ ಒಪ್ಪತಕ್ಕದ್ದೇ. 1921ರಲ್ಲಿ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದಲ್ಲಿ ಐಕ್ಯೂ ಪರೀಕ್ಷೆಯಿಂದ ಮಹಾ ಪ್ರತಿಭಾವಂತರನ್ನು ಆರಿಸಲು ಹೊರಟಾಗ, ಮುಂದೆ ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಶಾಕ್ಲಿ ಮತ್ತು ಅಲ್ವರೆಜ್ ಇಬ್ಬರೂ ಅಂಕ ಸಾಲದೆ ಹೊರಗುಳಿದರು.

ಬ್ರೊವಾರ್ಡ್‌ನಲ್ಲೇ ಪರೀಕ್ಷೆಯ ಈ ಕೊರತೆಗೆ ಒಂದು ಉತ್ತರವೂ ಇತ್ತು. ಶಾಲೆಯ ಒಂದು ತರಗತಿಮಟ್ಟದಲ್ಲಿ ಒಬ್ಬನೇ ಗಿಫ್ಟೆಡ್ ವಿದ್ಯಾರ್ಥಿಯಿದ್ದರೂ ಪ್ರತ್ಯೇಕ ತರಗತಿ ತೆರೆಯಬೇಕು, ಉಳಿದ ಕುರ್ಚಿಗಳನ್ನು ಹಿಂದಿನ ವರ್ಷ ಚೆನ್ನಾಗಿ ಓದಿದವರಿಗೆ ಕೊಡಬೇಕು ಎಂಬ ನಿಯಮವಿತ್ತು. ತರಗತಿಯ ಗಾತ್ರ ಬೇರೆ ತರಗತಿಗಳಷ್ಟೇ. ಹೆಚ್ಚಿನ ಖರ್ಚೂ ಅಷ್ಟಾಗಿ ಇಲ್ಲ. ಅದರಿಂದ ಬಹಳ ಲಾಭ ಪಡೆದವರು ಐಕ್ಯೂ ದಾಟಿ ಬಂದವರಲ್ಲ, ಉಳಿದ ಕುರ್ಚಿಗಳಲ್ಲಿ ಕೂತ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು. ಬೇರೆ ತರಗತಿಗಳಲ್ಲಿದ್ದ ಮಕ್ಕಳಿಗೆ ಹಾನಿಯಾದದ್ದೂ ಕಾಣಲಿಲ್ಲ.

ಹಾಗಾದರೆ ಡಿಸ್ಟ್ರಿಕ್ಟ್ ಕೇಳುತ್ತಿರುವ ಪ್ರಶ್ನೆಯೇ ಅರೆಬರೆ. ‘ಈ ಸ್ಥಾನಕ್ಕೆ ಯಾರು ಯೋಗ್ಯರು’ ಎಂದು ಕೇಳುವವರು ಅದನ್ನು ಬಹುಮಾನವೆಂದು ಬಗೆದಿದ್ದಾರೆ. ಬಹುಮಾನವಾದರೆ ತರಬೇತಿ ಪುಸ್ತಕಗಳ ಸಂತೆಯೂ ನೆರೆಯುತ್ತದೆ. ಅಲ್ಲಿರುವ ನಮ್ಮವರೂ ಕೊಳ್ಳುತ್ತಾರೆ, ಮಕ್ಕಳ ಓದಿಗೆ ಹಣ ಹಾಕುವುದು ನಮಗೆ ಹೊಸತೇನಲ್ಲ. ‘ಈ ಸ್ಥಾನದಿಂದ ಯಾರ ಕಲಿಕೆ ಬದಲಾಗುತ್ತದೆ’ ಎಂದು ಕೇಳಿದರೆ ಲೆಕ್ಕ ತಿರುಗುತ್ತದೆ. ಆಗ ನ್ಯೂಯಾರ್ಕಿನಲ್ಲಿ ಬಹಳ ವರ್ಷ ನಡೆದಂತೆ ನಾಲ್ಕು ವರ್ಷದ ಕೂಸನ್ನು ಪರೀಕ್ಷೆಗೆ ಕೂರಿಸಿ ವಿಂಗಡಿಸುವ ಅಗತ್ಯವಿರುವುದಿಲ್ಲ. ಇಂಥ ತರಗತಿಗಳನ್ನು ಸಮಾನತೆಯ ಹೆಸರಿನಲ್ಲಿ ಪೂರ್ತಿ ಮುಚ್ಚುವ ಅಗತ್ಯವೂ ಇಲ್ಲ. ಮುಚ್ಚಿದರೆ ಉಳ್ಳವರಿಗೆ ಖಾಸಗಿ ಶಾಲೆಯಿದೆ, ಬ್ರೊವಾರ್ಡ್‌ನ ಉಳಿದ ಕುರ್ಚಿಗಳಲ್ಲಿ ಕೂತವರಿಗೆ ಅದೂ ಇಲ್ಲ. ಇದ್ದುದರಲ್ಲೇ ತೂಗಿಸಬೇಕಾದ ಡಿಸ್ಟ್ರಿಕ್ಟ್ ಬೇಕಾದರೆ ಪ್ರವಾಸ, ವಿಶೇಷ ಚಟುವಟಿಕೆಗಳನ್ನು ಬಿಡಲಿ, ಗುರುತಾದ ಒಬ್ಬನಿಂದಲೇ ಉಳಿದ ಕುರ್ಚಿಗಳೂ ತೆರೆಯಬಹುದಾದ್ದರಿಂದ, ಎರಡನೆಯ ತರಗತಿಯ ಆ ಒಂದು ಪರೀಕ್ಷೆಯನ್ನು ಮಾತ್ರ ಕೊನೆಯವರೆಗೂ ಉಳಿಸಿಕೊಳ್ಳಲಿ.